ಹೊಳೆ ಯಾವುದು, ಹಳ್ಳ ಯಾವುದು: 1892ರ ಒಂದು ಪಟ್ಟಿಯ ಕತೆ

ಋಷಿಮೂಲ, ನದಿಮೂಲ ಹುಡುಕಬಾರದು ಎನ್ನುತ್ತಾರೆ. ಪಿಎಚ್.ಡಿ.ಗೆ ಸೇರಿದ ಮೊದಲ ವರ್ಷ ನಾನು ಮಾಡಿದ್ದು ಅದೇ ಕೆಲಸ. ಹತ್ತೊಂಬತ್ತನೆಯ ಶತಮಾನದ ಮೈಸೂರು ಸಂಸ್ಥಾನದಲ್ಲಿ ಕೆರೆಗಳ ಆಡಳಿತ ಹೇಗಿತ್ತು ಎಂಬುದು ನನ್ನ ವಿಷಯ. ಕಡತ ಓದುತ್ತಾ ಹೋದಂತೆ ಎಲ್ಲಿ ನೋಡಿದರೂ ಒಂದು ಒಪ್ಪಂದದ ಪ್ರಸ್ತಾಪ ಬರುತ್ತಿತ್ತು. 1892ರ ಫೆಬ್ರವರಿ 18ರಂದು ಮೈಸೂರಿಗೂ ಮದರಾಸಿಗೂ ಆದ ಒಪ್ಪಂದ ಅದು. ಕಾವೇರಿ ಗಲಾಟೆ ಎದ್ದಾಗಲೆಲ್ಲ ಪತ್ರಿಕೆಗಳಲ್ಲಿ ಅದರ ಹೆಸರು ಓದಿದ್ದೆ. ಪೂರ್ತಿ ಪಠ್ಯವನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಅದು ಅಂಥ ದೊಡ್ಡ ದಸ್ತಾವೇಜೇನೂ ಅಲ್ಲ. ಕೆಲವೇ ನಿಯಮಗಳು, ಕೊನೆಯಲ್ಲಿ ಮೂರು ಅನುಸೂಚಿಗಳು. ಮೊದಲ ಅನುಸೂಚಿಯಲ್ಲಿ 15 ನದಿಗಳ ಹೆಸರಿವೆ. ನಾನು ಪೆನ್ಸಿಲ್ ಹಿಡಿದು ಮೇಲಿನಿಂದ ಕೆಳಗೆ ಓದಿದೆ, ಮತ್ತೊಮ್ಮೆ ಓದಿದೆ. ಹುಡುಕುತ್ತಿದ್ದುದು ನಮ್ಮೂರ ಹಳ್ಳವನ್ನು. ಅದು ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ, ಏಕೆಂದರೆ ಅದಕ್ಕೆ ಹೆಸರೇ ಇಲ್ಲ.

ನಮ್ಮದು ಕೋಲಾರ ಜಿಲ್ಲೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಸೀಮೆ. ಚಿಕ್ಕವಳಿದ್ದಾಗ ಪಠ್ಯಪುಸ್ತಕದಲ್ಲಿ ನದಿಗಳ ಪಾಠ ಓದಿ ಬಂದು, ಊರಾಚೆ ಹರಿಯುವುದು ಯಾವ ನದಿ ಎಂದು ಅಜ್ಜಿಯನ್ನು ಕೇಳಿದ್ದೆ. ಅಜ್ಜಿ ನಕ್ಕಿದ್ದಳು. "ನದಿಯೇನು ಬಂತು, ಹಳ್ಳ ಕಣೇ ಅದು. ಹೊಳೆ ಅಂದ್ರೆ ದಾಟಕ್ಕೆ ದೋಣಿ ಬೇಕು. ಇದಕ್ಕೆ ಸೀರೆ ಎತ್ತಿ ಕಟ್ಟಿಕೊಂಡ್ರೆ ಸಾಕು." ಅಜ್ಜಿಯ ವರ್ಗೀಕರಣ ಸರಳವಾಗಿತ್ತು. ದಾಟುವವರ ಕಾಲಿನಿಂದ ಅಳೆದ ವರ್ಗೀಕರಣ ಅದು. ಹಳ್ಳಕ್ಕೆ ಹೆಸರು ಬೇಕಿರಲಿಲ್ಲ. ಊರಿನವರಿಗೆ ಇದ್ದದ್ದೇ ಒಂದು ಹಳ್ಳ.

ಸರ್ಕಾರಗಳಿಗೆ ಹಾಗಾಗುವುದಿಲ್ಲ. ಹೆಸರಿಲ್ಲದ್ದನ್ನು ಕಾನೂನು ನಿಯಂತ್ರಿಸಲಾರದು. ಈ ಪಟ್ಟಿ ಹುಟ್ಟಿದ್ದು ಯಾರಿಗೆ, ಯಾಕೆ ಬೇಕಾಗಿ ಎಂಬುದನ್ನು ಮೊದಲು ನೋಡೋಣ.

1831ರಿಂದ 50 ವರ್ಷ ಮೈಸೂರು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. 1881ರಲ್ಲಿ ಅದು ಒಡೆಯರಿಗೆ ಮರಳಿತು. ಅದಕ್ಕೆ ಸ್ವಲ್ಪ ಮೊದಲು, 1876ರಿಂದ 78ರವರೆಗೆ, ಧಾತು ಈಶ್ವರ ಸಂವತ್ಸರಗಳ ಬರ ಸಂಸ್ಥಾನವನ್ನು ಹಿಂಡಿಹಾಕಿತ್ತು. ಸಂಸ್ಥಾನದ ಐದು ಜನರಲ್ಲಿ ಸುಮಾರು ಒಬ್ಬರು ಆ ಬರದಲ್ಲಿ ಇಲ್ಲವಾದರು ಎಂಬುದು ಸಾಮಾನ್ಯ ಅಂದಾಜು. ಮರಳಿ ಬಂದ ಆಡಳಿತಕ್ಕೆ ಕಣ್ಣೆದುರಿದ್ದ ಕೆಲಸವೆಂದರೆ ನೀರು ನಿಲ್ಲಿಸುವುದು. ಒಡೆದ ಕೆರೆ ಕಟ್ಟಬೇಕು, ಹೂಳು ತೆಗೆಯಬೇಕು, ಆದರೆ ಹೊಸ ಕಟ್ಟೆಯನ್ನೂ ಹಾಕಬೇಕು. ಕೆಳಗಿದ್ದ ಮದರಾಸಿಗೆ ಇದೇ ದಿಗಿಲು. ತಂಜಾವೂರಿನ ಗದ್ದೆಗಳು ಕಾವೇರಿಯನ್ನು ನಂಬಿದ್ದವು. ಮೇಲೆ ಒಂದೊಂದು ಹಳ್ಳಕ್ಕೂ ಒಂದೊಂದು ಕಟ್ಟೆ ಬಿದ್ದರೆ ಕೆಳಗೆ ಏನು ಉಳಿದೀತು ಎಂಬುದು ಅಲ್ಲಿನ ಎಂಜಿನಿಯರುಗಳ ವಾದ. ಎರಡೂ ಕಡೆಯವರು 1890ರಲ್ಲಿ ಊಟಿಯಲ್ಲಿ ಸೇರಿ ಮಾತಾಡಿದರು. ಆಗ ಮೈಸೂರಿನ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಎರಡು ವರ್ಷಗಳ ನಂತರ ಒಪ್ಪಂದವಾಯಿತು.

ಅದರ ತಿರುಳು ಇಷ್ಟು: ಪಟ್ಟಿಯಲ್ಲಿರುವ ನೀರಿಗೆ ಅಡ್ಡಲಾಗಿ ಮೈಸೂರು 'ಹೊಸ' ನೀರಾವರಿ ಜಲಾಶಯ ಕಟ್ಟಬೇಕಾದರೆ ಮದರಾಸಿನ ಒಪ್ಪಿಗೆ ಪಡೆಯಬೇಕು. ಬಹುಕಾಲದ ಬಳಕೆಯಿಂದ ಹುಟ್ಟಿದ, ನಿಜಕ್ಕೂ ಇರುವ ಹಕ್ಕನ್ನು ಕಾಪಾಡಿಕೊಳ್ಳುವುದಕ್ಕೆ ಹೊರತು ಬೇರೆ ಕಾರಣಕ್ಕೆ ಮದರಾಸು ಒಪ್ಪಿಗೆ ನಿರಾಕರಿಸುವಂತಿಲ್ಲ. ತಕರಾರು ಬಂದರೆ ಮಧ್ಯಸ್ಥರು ತೀರ್ಮಾನಿಸಬೇಕು.

ಕೇಳಲು ನ್ಯಾಯವಾಗಿಯೇ ಇದೆ. ಆದರೆ ಇಡೀ ಒಪ್ಪಂದ ನಿಂತಿರುವುದು ಎರಡು ಪ್ರಶ್ನೆಗಳ ಮೇಲೆ. 'ನದಿ' ಎಂದರೆ ಯಾವುದು? 'ಹೊಸದು' ಎಂದರೆ ಯಾವುದು?

ಮೊದಲನೆಯದಕ್ಕೆ ಉತ್ತರವೇ ಆ ಪಟ್ಟಿ. ತುಂಗಭದ್ರಾ, ತುಂಗಾ, ಭದ್ರಾ, ಹಗರಿ ಅಥವಾ ವೇದಾವತಿ, ಪೆನ್ನಾರ್ ಅಥವಾ ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್, ಪೆನ್ನಾರ್ ಅಥವಾ ದಕ್ಷಿಣ ಪಿನಾಕಿನಿ, ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿ, ಹೊನ್ನುಹೊಳೆ ಅಥವಾ ಸುವರ್ಣಾವತಿ, ಯಗಚಿ. ಒಟ್ಟು 15.

ಇದರಲ್ಲಿ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು 'ಅಥವಾ' ಎಂಬ ಪದ. ನಾಲ್ಕು ನದಿಗಳಿಗೆ ಎರಡೆರಡು ಹೆಸರು. ಯಳಂದೂರಿನ ಪಕ್ಕ ಹರಿಯುವ ನೀರು ಅಲ್ಲಿನವರ ಬಾಯಲ್ಲಿ ಹೊನ್ನುಹೊಳೆ, ಶಾಸ್ತ್ರದ ಬಾಯಲ್ಲಿ ಸುವರ್ಣಾವತಿ. ಅರ್ಥ ಒಂದೇ, ಹೊನ್ನು ಸುವರ್ಣವಾಗಿದೆ, ಅಷ್ಟೆ. ವೇದಾ, ಆವತಿ ಎಂಬೆರಡು ತೊರೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಅದೇ ನೀರು ಹಿರಿಯೂರು ದಾಟಿ ಬಳ್ಳಾರಿಯ ಕಡೆಗೆ ಹೋಗುವಾಗ ಜನ ಹಗರಿ ಎನ್ನುತ್ತಾರೆ. ದಕ್ಷಿಣ ಪಿನಾಕಿನಿ ಹೊಸೂರಿನ ಕಡೆಗೆ ಇಳಿದ ಮೇಲೆ ತೆನ್‌ಪೆಣ್ಣೈ. ನಂಜನಗೂಡಿನವರನ್ನು ಕೇಳಿದರೆ ಅವರು ಮಿಂದದ್ದು ಕಪಿಲೆಯಲ್ಲಿ. ಪಟ್ಟಿಯಲ್ಲಿರುವುದು ಕಬಿನಿ. ನದಿಯೊಂದು ಊರಿಂದ ಊರಿಗೆ ಹೆಸರು ಬದಲಿಸುವುದು ನಮ್ಮಲ್ಲಿ ಸಹಜ. ಊರಿನವರು ತಮ್ಮ ಮುಂದಿನ ನೀರಿಗೆ ಹೆಸರಿಡುತ್ತಾರೆ, ಹುಟ್ಟಿನಿಂದ ಸಮುದ್ರದವರೆಗಿನ ಉದ್ದಕ್ಕಲ್ಲ. ಒಪ್ಪಂದ ಬರೆದವರಿಗೆ ಬೇಕಿದ್ದುದು ಆ ಉದ್ದ. ಯಾವ ಹೆಸರು ಹಿಡಿದರೂ ನುಣುಚಿಕೊಳ್ಳಬಾರದು ಎಂದು 'ಅಥವಾ' ಹಾಕಿದ್ದಾರೆ.

ಎರಡನೆಯದಾಗಿ, ಇದು ಭೂಗೋಳದ ಪಟ್ಟಿಯಲ್ಲ. ಜೋಗದಲ್ಲಿ ಧುಮುಕುವ ಶರಾವತಿ ಇದರಲ್ಲಿಲ್ಲ, ಅದು ಇಳಿಯುವುದು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾರವಾರದ ಸೀಮೆಗೆ. ಮದರಾಸಿಗೆ ಬೇಕಿದ್ದ ನೀರಷ್ಟೇ ಇಲ್ಲಿ 'ಪ್ರಧಾನ ನದಿ'. ಕೆಳಗಿನಿಂದ ಮೇಲಕ್ಕೆ ನೋಡಿ ಬರೆದ ಪಟ್ಟಿ ಇದು. ಹಾಗಾಗಿಯೇ ನಮ್ಮ ಒಣಸೀಮೆಯ ನದಿಗಳಿಗೆ ಇದರಲ್ಲಿ ಎಲ್ಲಿಲ್ಲದ ಮರ್ಯಾದೆ. ಎರಡು ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್, ಈ ಐದೂ ನಂದಿಬೆಟ್ಟದ ಸುತ್ತ ಮತ್ತು ಹಳೆಯ ಕೋಲಾರ ಜಿಲ್ಲೆಯಲ್ಲಿ ಹುಟ್ಟುವಂಥವು. ಅಂದರೆ ಪಟ್ಟಿಯ ಮೂರನೇ ಒಂದು ಭಾಗ ನಮ್ಮ ಕಡೆಯದು. ಪಾಲಾರ್ ಎಂದರೆ ಹಾಲಿನ ಹೊಳೆ. ನಾನು ಅದರ ಪಾತ್ರದಲ್ಲಿ ಹಾಲಿರಲಿ, ನೀರು ಕಂಡದ್ದೇ ಅಪರೂಪ.

ಬತ್ತಿದ್ದನ್ನೂ ನದಿ ಎನ್ನಬಹುದೇ? ಇದಕ್ಕೆ ಕಾನೂನು ಆಗಲೇ ಉತ್ತರ ಕೊಟ್ಟಿತ್ತು. ಒಪ್ಪಂದಕ್ಕೆ ಹತ್ತು ವರ್ಷ ಮೊದಲು, 1882ರಲ್ಲಿ ಬಂದ ಅನುಭೋಗ ಹಕ್ಕುಗಳ ಕಾಯಿದೆ ಮದರಾಸು ಪ್ರಾಂತ್ಯಕ್ಕೆ ಅನ್ವಯವಾಗಿತ್ತು. ಅದರ 7ನೆಯ ಕಲಮಿನ ವಿವರಣೆಯ ಪ್ರಕಾರ ಸಹಜ ತೊರೆ ಎಂದರೆ ಪ್ರಕೃತಿಯ ಕ್ರಿಯೆಯಿಂದಲೇ, ಗೊತ್ತಾದ ಹಾದಿಯಲ್ಲಿ ಹರಿಯುವ ನೀರು. ಅದು ಸದಾ ಹರಿಯಬೇಕೆಂದೇನಿಲ್ಲ, ಬಿಟ್ಟು ಬಿಟ್ಟು ಹರಿದರೂ ಸಾಕು. ನೆಲದ ಮೇಲೆಯೇ ಹರಿಯಬೇಕೆಂದೂ ಇಲ್ಲ. ಮಳೆಗಾಲದಲ್ಲಿ ನಾಲ್ಕು ದಿನ ಕೆಂಪಾಗಿ ಹರಿದು ಮರಳಾಗುವ ನಮ್ಮೂರ ಹಳ್ಳವೂ ಈ ಲೆಕ್ಕದಲ್ಲಿ ತೊರೆಯೇ.

ಆದರೆ ತೊರೆ ಎನಿಸಿಕೊಂಡದ್ದೆಲ್ಲ ಒಂದೇ ದರ್ಜೆಯದಲ್ಲ. ಒಪ್ಪಂದ ನೀರನ್ನು ಮೂರು ದರ್ಜೆಗೆ ಹಂಚಿತು. ಮೊದಲ ಅನುಸೂಚಿಯ 15 ನದಿಗಳ ಯಾವ ಭಾಗದಲ್ಲಿ ಕಟ್ಟುವುದಿದ್ದರೂ ಒಪ್ಪಿಗೆ ಬೇಕು. ಎರಡನೆಯದರಲ್ಲಿ ಸಣ್ಣ ತೊರೆಗಳು, ಪ್ರತಿಯೊಂದಕ್ಕೂ ಒಂದು ಸ್ಥಳ ಗುರುತಿಸಿ, ಅದರ ಕೆಳಗೆ ಒಂದು ನಿಯಮ, ಮೇಲೆ ಇನ್ನೊಂದು. ಮೂರನೆಯದರಲ್ಲಿ ನದಿಯೂ ಇಲ್ಲ, ತೊರೆಯೂ ಇಲ್ಲ, ನೀರು ಬಸಿದು ಬರುವ ನೆಲವನ್ನೇ ಹೆಸರಿಸಿದ್ದಾರೆ. ಇಂದು ನಾವು ಜಲಾನಯನ ಪ್ರದೇಶ ಎನ್ನುವ ಕಲ್ಪನೆಯ ಮೊಳಕೆ ಅಲ್ಲಿದೆ.

ದರ್ಜೆ ಹಂಚುವಾಗ ಎಲ್ಲೋ ಗೆರೆ ಎಳೆಯಲೇಬೇಕು. 15ನೆಯ ಹೆಸರಾದ ಯಗಚಿಯ ಮುಂದೆ ಕಂಸದಲ್ಲಿ 'ಬೇಲೂರು ಸೇತುವೆಯವರೆಗೆ' ಎಂದಿದೆ. ಕಳೆದ ವರ್ಷ ಬೇಲೂರಿಗೆ ಹೋದವಳು ದೇವಸ್ಥಾನ ನೋಡಿಕೊಂಡು ನದಿಯ ಕಡೆಗೂ ಹೋಗಿದ್ದೆ. ಬಸ್ಸು, ಟ್ರ್ಯಾಕ್ಟರು ಓಡಾಡುತ್ತಿದ್ದವು, ಕೆಳಗೆ ನೀರು ತನ್ನ ಪಾಡಿಗೆ ಹೋಗುತ್ತಿತ್ತು. ಒಪ್ಪಂದದ ಕಣ್ಣಿಗೆ ಸೇತುವೆಯ ಒಂದು ಮಗ್ಗುಲಿಗೆ ಅದು ಪ್ರಧಾನ ನದಿ, ಇನ್ನೊಂದು ಮಗ್ಗುಲಿಗೆ ಅಲ್ಲ. ಅಜ್ಜಿ ಸೀರೆಯ ಅಂಚಿನಿಂದ ಗೆರೆ ಎಳೆದಳು, ಎಂಜಿನಿಯರು ಸೇತುವೆಯಿಂದ ಎಳೆದ. ಎರಡೂ ಮನುಷ್ಯರ ಅನುಕೂಲಕ್ಕೆ ಎಳೆದ ಗೆರೆಗಳೇ. ವ್ಯತ್ಯಾಸವೆಂದರೆ ಅಜ್ಜಿಯ ಗೆರೆಯಿಂದ ಯಾರ ಗದ್ದೆಯೂ ಒಣಗುತ್ತಿರಲಿಲ್ಲ.

ಇನ್ನು 'ಹೊಸದು'. ಒಪ್ಪಂದದ ಮೊದಲ ನಿಯಮವೇ ಇದನ್ನು ವಿವರಿಸುತ್ತದೆ. ಹಿಂದೆ ಎಂದೂ ಇಲ್ಲದಿದ್ದ ಜಲಾಶಯ ಹೊಸದು. ಸರಿ. ಅದರ ಜೊತೆಗೆ, ಒಂದು ಕಾಲಕ್ಕೆ ಇದ್ದು, ಕೈಬಿಟ್ಟು, 30 ವರ್ಷಕ್ಕಿಂತ ಹೆಚ್ಚು ಕಾಲ ಬಳಕೆ ತಪ್ಪಿದ್ದ ಕೆರೆಯೂ ಹೊಸದೇ.

ಈ ವಾಕ್ಯದ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ನಮ್ಮೂರಿನಲ್ಲಿ ಒಂದು ಒಡೆದ ಕೆರೆ ಇದೆ. ಅಜ್ಜಿ ಹುಡುಗಿಯಾಗಿದ್ದಾಗ ಒಂದು ರಾತ್ರಿ ಏರಿ ಕಿತ್ತುಹೋಯಿತಂತೆ. ಈಗ ಅಲ್ಲಿ ರಾಗಿ ಹೊಲ, ಜಾಲಿ, ಒಂದು ಇಟ್ಟಿಗೆ ಗೂಡು. ಆದರೂ ಊರವರು "ಕೆರೆಯಂಗಳಕ್ಕೆ ಹೋಗಿ ಬಂದೆ" ಎಂದೇ ಹೇಳುತ್ತಾರೆ. ತೂಬಿನ ಕಲ್ಲು ಎಲ್ಲಿದೆ, ಕೋಡಿ ಎಲ್ಲಿತ್ತು, ಅಚ್ಚುಕಟ್ಟಿನಲ್ಲಿ ಯಾರ ಗದ್ದೆ ಮೊದಲು, ಯಾರದು ಕೊನೆ ಎಂಬುದು ಹಿರಿಯರಿಗೆ ಇನ್ನೂ ನೆನಪಿದೆ. ನೀರುಗಂಟಿಯ ಮನೆತನವನ್ನು ಈಗಲೂ ಅದೇ ಹೆಸರಿನಿಂದ ಕರೆಯುತ್ತಾರೆ. ಊರಿನ ಲೆಕ್ಕದಲ್ಲಿ ಕೆರೆ ಒಡೆದಿದೆ, ಸತ್ತಿಲ್ಲ. ಸರಿಯಾಗಿ ಕಟ್ಟಿದ ಕೆರೆಗಳೇ ನಮ್ಮಲ್ಲಿ ಹತ್ತು ವರ್ಷಕ್ಕೊಮ್ಮೆ ಕೋಡಿ ಬಿದ್ದರೆ ಹೆಚ್ಚು. ಖಾಲಿ ಬಿದ್ದಿರುವುದೂ ಕೆರೆಯ ಬದುಕಿನ ಭಾಗವೇ.

1892ರಿಂದ 30 ವರ್ಷ ಹಿಂದಕ್ಕೆ ಎಣಿಸಿದರೆ 1862. ಅದಕ್ಕಿಂತ ಮೊದಲೇ ಕೈಬಿಟ್ಟುಹೋದ ಕೆರೆಯನ್ನು ಪಟ್ಟಿಯ ಸೀಮೆಯಲ್ಲಿ ಮತ್ತೆ ಕಟ್ಟಬೇಕಾದರೆ, ಅದರ ಏರಿ ಎಷ್ಟೇ ಶತಮಾನ ಹಳೆಯದಾಗಿದ್ದರೂ, ಅದು ಹೊಸ ಕಾಮಗಾರಿ. ಬಳಕೆಯಲ್ಲಿರುವ ಕೆರೆಯ ದುರಸ್ತಿಗೆ ಬೇರೆ ನಿಯಮ, ಅದರಲ್ಲಿ ಸಡಿಲಿಕೆ ಇತ್ತು. ಒಂದು ತಲೆಮಾರಿನ ಅವಧಿಯನ್ನು ಕಾನೂನು ಮರೆವಿನ ಗಡಿ ಎಂದು ಗೊತ್ತುಮಾಡಿತು. ಕೆಳಗಿನ ಗದ್ದೆಯವರ ಕಡೆಯಿಂದ ನೋಡಿದರೆ ಇದರಲ್ಲೂ ನ್ಯಾಯವಿದೆ. ಮೇಲಿನ ಕೆರೆ ಒಡೆದ ಮೇಲೆ ಇಳಿದು ಬಂದ ನೀರನ್ನು ನಂಬಿ ಅವರು 30 ವರ್ಷ ಬೆಳೆ ಇಟ್ಟಿರುತ್ತಾರೆ. ಮೇಲಿನವರ ನೆನಪು, ಕೆಳಗಿನವರ ಅಭ್ಯಾಸ, ಎರಡರಲ್ಲಿ ಒಪ್ಪಂದ ಅಭ್ಯಾಸದ ಪರವಾಗಿ ನಿಂತಿತು. ಸಂಶೋಧಕಿಯಾಗಿ ನನಗೆ ಇದು ಅರ್ಥವಾಗುತ್ತದೆ. ಒಡೆದ ಕೆರೆಯ ಊರಿನವಳಾಗಿ ಒಪ್ಪಿಕೊಳ್ಳುವುದು ಕಷ್ಟ.

ಮುಂದಿನ ಕತೆ ಬಹಳ ಮಂದಿ ಬರೆದಿದ್ದಾರೆ, ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟು 1907ರ ಹೊತ್ತಿಗೆ ಮುಗಿಯಿತು. 1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾದಾಗ ತಕರಾರು ಎದ್ದು, ಮಧ್ಯಸ್ಥಿಕೆಗೆ ಹೋಗಿ, 1924ರ ಫೆಬ್ರವರಿ 18ರಂದು, ಅಂದರೆ ಮೊದಲ ಒಪ್ಪಂದವಾದ ತಾರೀಖಿನಂದೇ, ಎರಡನೆಯ ಒಪ್ಪಂದವಾಯಿತು. ಈ ಒಪ್ಪಂದಗಳು ಅಸಮಾನರ ನಡುವೆ ಆದವು ಎಂಬ ಕರ್ನಾಟಕದ ವಾದವನ್ನು ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರ ಕಾವೇರಿ ತೀರ್ಪಿನಲ್ಲಿ ಒಪ್ಪಲಿಲ್ಲ.

ಕಾವೇರಿಯ ಸದ್ದಿನಲ್ಲಿ ಅಷ್ಟಾಗಿ ಕಿವಿಗೆ ಬೀಳದ ಇನ್ನೊಂದು ವ್ಯಾಜ್ಯ ನನಗೆ ಹೆಚ್ಚು ಹತ್ತಿರದ್ದು. ಕೋಲಾರ ಜಿಲ್ಲೆಯ ಯರಗೋಳಿನಲ್ಲಿ ಮಾರ್ಕಂಡೇಯ ನದಿಗೆ ಕರ್ನಾಟಕ ಒಂದು ಅಣೆಕಟ್ಟು ಕಟ್ಟಿತು. ಕೋಲಾರ, ಬಂಗಾರಪೇಟೆ, ಮಾಲೂರಿನ ಕುಡಿಯುವ ನೀರಿಗಾಗಿ ಅದು. ಮಾರ್ಕಂಡೇಯ ಮುಂದೆ ಹೋಗಿ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಯಿತು. ದಕ್ಷಿಣ ಪಿನಾಕಿನಿ 1892ರ ಪಟ್ಟಿಯಲ್ಲಿದೆ, ಆದ್ದರಿಂದ ಅದರ ಉಪನದಿಗೂ ಒಪ್ಪಿಗೆ ಬೇಕು ಎಂಬುದು ಆ ಕಡೆಯ ಮಾತು. ಪಟ್ಟಿಯ 15 ಹೆಸರುಗಳಲ್ಲಿ ಮಾರ್ಕಂಡೇಯ ಇಲ್ಲ, ಪ್ರಧಾನ ನದಿಗೆ ಹೇಳಿದ್ದು ಉಪನದಿಗೆ ತಗಲುವುದಿಲ್ಲ ಎಂಬುದು ಈ ಕಡೆಯ ಮಾತು. 2019ರ ನವೆಂಬರ್ 14ರಂದು ಕೋರ್ಟು ತಮಿಳುನಾಡಿನ ಮಧ್ಯಂತರ ಅರ್ಜಿಯನ್ನು ವಜಾ ಮಾಡಿ, ನ್ಯಾಯಮಂಡಳಿಗಾಗಿ ಕೇಂದ್ರವನ್ನು ಕೇಳಿಕೊಳ್ಳಲು ಅವಕಾಶ ಕೊಟ್ಟಿತು.

ನ್ಯಾಯದ ತೀರ್ಮಾನ ನನ್ನ ಕೆಲಸವಲ್ಲ. ಆದರೆ ಪಟ್ಟಿಯನ್ನು ಒಂದು ಐತಿಹಾಸಿಕ ಪಠ್ಯವಾಗಿ ಓದಿದರೆ ಒಂದು ಸಂಗತಿ ಕಾಣುತ್ತದೆ. ಅದರಲ್ಲಿ ತುಂಗಭದ್ರಾ ಇದೆ, ಜೊತೆಗೆ ತುಂಗಾ ಮತ್ತು ಭದ್ರಾ ಬೇರೆ ಬೇರೆಯಾಗಿ ಇವೆ. ಕಾವೇರಿ ಇದೆ, ಜೊತೆಗೆ ಅದನ್ನು ಸೇರುವ ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿ, ಸುವರ್ಣಾವತಿ ಇವೆ. ಹೇಮಾವತಿಯನ್ನು ಸೇರುವ ಯಗಚಿಯೂ, ಸೇತುವೆಯವರೆಗಾದರೂ, ಇದೆ. ಒಂದು ನದಿಯ ಹೆಸರು ಹೇಳಿದರೆ ಅದರ ಉಪನದಿಗಳೂ ತಾವಾಗಿಯೇ ಒಳಗೆ ಬರುತ್ತವೆ ಎಂದು ಬರೆದವರು ಎಣಿಸಿದ್ದರೆ ಇಷ್ಟು ಹೆಸರು ಬೇಕಿರಲಿಲ್ಲ. ಕಾವೇರಿ ಎಂದರೆ ಸಾಕಿತ್ತು. ಬೇಕೆನಿಸಿದ್ದನ್ನು ಒಂದೊಂದಾಗಿ ಹೆಸರಿಸಿದ್ದಾರೆ ಎಂದರೆ, ಅವರ ಮನಸ್ಸಿನಲ್ಲಿ ನದಿ ಎಂಬುದು ಬೇರು-ಕೊಂಬೆಗಳ ಮರವಲ್ಲ, ಒಂದು ದಾರ. ಇದಕ್ಕೆ ಎದುರುವಾದವೂ ಅದೇ ಕಾಗದದಲ್ಲಿದೆ. ಮೂರನೆಯ ಅನುಸೂಚಿಯಲ್ಲಿ ನೆಲವನ್ನೇ ಹೆಸರಿಸಿದವರಿಗೆ ನೀರು ಎಲ್ಲಿಂದ ಬಸಿದು ಬರುತ್ತದೆ ಎಂಬ ಅರಿವು ಚೆನ್ನಾಗಿಯೇ ಇತ್ತು. ಒಂದೇ ದಸ್ತಾವೇಜಿನಲ್ಲಿ ನದಿಯ ಎರಡು ಕಲ್ಪನೆಗಳು ಅಕ್ಕಪಕ್ಕ ಕೂತಿವೆ. ಇಂದಿನ ವಕೀಲರು ತಮಗೆ ಬೇಕಾದ್ದನ್ನು ಎತ್ತಿಕೊಳ್ಳುತ್ತಾರೆ.

ದಾರದಿಂದ ಜಲಾನಯನಕ್ಕೆ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಒಂದು ಕಾಲಕ್ಕೆ ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದ್ದು ಬೆಂಗಳೂರು. ಈ ನಗರ ಕೂತಿರುವುದು ಏಣಿನ ಮೇಲೆ. ಒಂದು ಕಡೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ, ಇನ್ನೊಂದು ಕಡೆಯದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ. 2007ರಲ್ಲಿ ಕಾವೇರಿ ನ್ಯಾಯಮಂಡಳಿ ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ಅಷ್ಟಕ್ಕೇ ಕುಡಿಯುವ ನೀರಿನ ಲೆಕ್ಕ ಹಾಕಿತ್ತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪದೆ, ಇಡೀ ನಗರವನ್ನು ಗಣನೆಗೆ ತೆಗೆದುಕೊಂಡು 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಏಣಿನ ಆಚೆ ಮನೆ ಮಾಡಿದವರಿಗೆ ಬಾಯಾರಿಕೆ ಕಡಿಮೆಯೇನೂ ಇರುವುದಿಲ್ಲ ಎಂಬುದನ್ನು ಹೇಳಲು 11 ವರ್ಷ ಬೇಕಾಯಿತು.

ಈಗ ಆ ನೀರಿನ ಹಿಂದೆ ಹೋಗಿ ನೋಡಿ. ಸುಮಾರು 100 ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ಏರಿ ಬಂದ ಕಾವೇರಿ ನಮ್ಮ ಬಚ್ಚಲುಗಳಲ್ಲಿ ಇಳಿದು ಕೋರಮಂಗಲ-ಚಲ್ಲಘಟ್ಟ ಕಣಿವೆಯನ್ನು ಸೇರುತ್ತದೆ. ಅಲ್ಲಿ ಎರಡು ಹಂತ ಶುದ್ಧಿಯಾಗಿ, 2018ರಿಂದ ಪೈಪುಗಳಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅವು ತುಂಬಿ ಹರಿದರೆ ದಕ್ಷಿಣ ಪಿನಾಕಿನಿಯ ಕಡೆಗೋ ಪಾಲಾರಿನ ಕಡೆಗೋ ಹರಿಯುವ ಕೆರೆಗಳು. 15ರ ಪಟ್ಟಿಯ ಹತ್ತನೆಯ ನದಿಯ ನೀರು ಎಂಟನೆಯ, ಒಂಬತ್ತನೆಯ ನದಿಗಳ ಸೀಮೆಯಲ್ಲಿ ನಿಂತಿದೆ. ಅದಕ್ಕೆ ಯಾವ ಹೆಸರು, ಯಾವ ದರ್ಜೆ? ಕಾವೇರಿಯೇ, ಪಾಲಾರೇ, ಕೊಳಚೆಯೇ? ಊರಿನಲ್ಲಿ ಅದಕ್ಕೆ ಆಗಲೇ ಒಂದು ಹೆಸರು ಬಿದ್ದಿದೆ: "ಕೇಸಿ ನೀರು". ಕೆ.ಸಿ. ವ್ಯಾಲಿ ಎಂಬ ಯೋಜನೆಯ ಹೆಸರನ್ನು ಕತ್ತರಿಸಿ ಮಾಡಿಕೊಂಡದ್ದು. ಆ ನೀರು ಬೇಕೆನ್ನುವವರೂ ಬೇಡವೆನ್ನುವವರೂ ಅದನ್ನು ಹಾಗೆಯೇ ಕರೆಯುತ್ತಾರೆ.

ಒಪ್ಪಂದದ ಪಠ್ಯವನ್ನು ಓದಿ ಮುಗಿಸಿದ ವಾರ ಊರಿಗೆ ಹೋಗಿದ್ದೆ. ಅಜ್ಜಿಗೆ ಈಗ ಕಿವಿ ಮಂದ. 15 ನದಿಗಳ ಹೆಸರನ್ನು ಜೋರಾಗಿ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ನಮ್ಮ ಹಳ್ಳ ಬರಲಿಲ್ಲವಲ್ಲ" ಎಂದಳು. ಅದಕ್ಕೆ ಹೆಸರಿಲ್ಲವಲ್ಲ ಅಜ್ಜಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಹೆಸರಿಲ್ಲದಿದ್ರೆ ಇನ್ನೂ ಒಳ್ಳೇದೇ ಆಯ್ತು ಬಿಡು, ಯಾರೂ ಕೇಳಕ್ಕೆ ಬರಲ್ಲ."

ನಾನು ಮಾತು ಬೆಳೆಸಲಿಲ್ಲ. 1892ರ ಮಟ್ಟಿಗೆ ಅಜ್ಜಿ ಹೇಳಿದ್ದು ನಿಜ. ಹೆಸರಿಲ್ಲದ ಹಳ್ಳಕ್ಕೆ ಕಟ್ಟೆ ಹಾಕಲು ಮದರಾಸನ್ನು ಕೇಳಬೇಕಿರಲಿಲ್ಲವೇನೋ. ಆದರೆ ಸಂಜೆ ಹಳ್ಳದ ಕಡೆ ನಡೆದುಹೋದಾಗ ಅದರ ಅರ್ಧ ಅಗಲಕ್ಕೆ ಯಾರೋ ಮಣ್ಣು ತುಂಬಿ ಕಲ್ಲುಕಂಬ ನೆಟ್ಟಿದ್ದರು. ಅವರನ್ನು ಕೇಳಲೂ ಯಾರೂ ಬಂದಿರಲಿಲ್ಲ.